ತಣ್ಣಗೆ ಸತ್ತ ಆರು ಪಟ್ಟಿಗಳು

"ಉಸಿರು ಬಿಡಬೇಡಿ," ಅಂದಳು ಒರೆಗಲ್ಲಮ್ಮ.

ಮ್ಯಾನೇಜರ್ ಬಾಯಿ ಮುಚ್ಚಿದರು. ತಕ್ಕಡಿಯ ಗಾಜಿನ ಗೂಡಿನೊಳಗೆ, ಕೂದಲಿನಷ್ಟು ತೆಳ್ಳನೆಯ ತಂತಿಗೆ ಸಿಕ್ಕಿಸಿದ ಲೋಹದ ಪಟ್ಟಿಯೊಂದು ಲೋಟದ ನೀರಿನಲ್ಲಿ ಮುಳುಗಿ ನಿಂತಿತ್ತು. ಕಿರುಬೆರಳಿನ ಉಗುರಿನಷ್ಟು ಅಗಲ, ಎರಡು ಉಗುರಿನಷ್ಟು ಉದ್ದ, ದಪ್ಪವೋ ಮದುವೆ ಕಾಗದದಷ್ಟು. ತಕ್ಕಡಿಯ ಅಂಕಿಗಳು ಎರಡು ಸಲ ಮೇಲೆ ಕೆಳಗೆ ಆಡಿ ಸುಮ್ಮನಾದವು.

ಆಕೆ ಬರೆದುಕೊಂಡಳು. ಗಾಳಿಯಲ್ಲಿ ತೂಗಿದ ತೂಕ ಪಕ್ಕದಲ್ಲೇ ಇತ್ತು. ಕಳೆದಳು, ಭಾಗಿಸಿದಳು, ಇನ್ನೊಮ್ಮೆ ಭಾಗಿಸಿದಳು.

"ಆರನೇದೂ ಅದೇ. ಅಷ್ಟೇ ಅಳತೆಯ ನೀರಿಗಿಂತ ಒಂಬತ್ತು ಪಟ್ಟು ಭಾರ, ಒಂಬತ್ತಕ್ಕೆ ಒಂದು ಕೂದಲು ಕಡಿಮೆ. ಬರೀ ಕಬ್ಬಿಣ ಆಗಿದ್ರೆ ಎಂಟನ್ನೂ ಮುಟ್ತಿರಲಿಲ್ಲ."

"ನಿಕ್ಕಲ್ ಬೆರೆಸಿ ತೂಕ ಸರಿಮಾಡಿದ್ರೆ?"

"ಅದಕ್ಕೇ ಬೆಳಗ್ಗೆ ಆರೂ ಪಟ್ಟಿಗಳ ಅಂಚಿನಿಂದ ಒಂದೊಂದು ಧೂಳಿನಷ್ಟು ಕೆರೆದು ಆಸಿಡ್‌ನಲ್ಲಿ ಕರಗಿಸಿ ಪಲ್ಲಾಡಿಯಂ ಗುರುತಿಸೋ ಮದ್ದಿನ ಹನಿ ಹಾಕಿದ್ದು. ಆರೂ ಲೋಟದಲ್ಲಿ ಹಳದಿ ಗಸಿ ಕಟ್ಟಿದೆ. ನಿಕ್ಕಲ್ ಆಗಿದ್ರೆ ಆಸಿಡ್‌ನಲ್ಲಿ ಅದು ಕಟ್ಟೋದೇ ಇಲ್ಲ. ಅಷ್ಟು ದುಬಾರಿ ಪಲ್ಲಾಡಿಯಂ ಇದರೊಳಗೇ ಇದೆ ಸಾರ್. ಯಾರೂ ಕದ್ದಿಲ್ಲ."

ಮೂವತ್ತೈದು ವರ್ಷ ಚಿನ್ನ ಬೆಳ್ಳಿಯ ಶುದ್ಧತೆ ಪರೀಕ್ಷಿಸುವ ಕಚೇರಿಯಲ್ಲಿ ಕೂತು ನಿವೃತ್ತಿಯಾದವಳು ಒರೆಗಲ್ಲಮ್ಮ. ಹೆತ್ತವರು ಇಟ್ಟ ಹೆಸರು ಈಗ ಪಿಂಚಣಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಲೋಹದ ವಿಷಯದಲ್ಲಿ ಕಳವು, ಮೋಸ, ಅನುಮಾನ ಎಂದರೆ ಸುತ್ತಮುತ್ತಲ ಕಾರ್ಖಾನೆಯವರು ಪೊಲೀಸರಿಗಿಂತ ಮೊದಲು ಆಕೆಯ ಮನೆಯ ಗಂಟೆ ಒತ್ತುತ್ತಿದ್ದರು.

"ಕದ್ದಿಲ್ಲ ಅಂದ್ರೆ ಕೆಡಿಸಿದ್ದಾರೆ," ಅಂದರು ಮ್ಯಾನೇಜರ್. ಗೋಡೆ ನೋಡಿದರು. "ಈಗ ಒಂದೂ ಹತ್ತು. ನಾಲ್ಕಕ್ಕೆ ಆಸ್ಪತ್ರೆಯವರು ಬರ್ತಾರೆ. ಇನ್ನು ಎರಡು ಗಂಟೆ ಐವತ್ತು ನಿಮಿಷ."

ಕೆಲಸಗಾರರು ಅವರನ್ನು ಗಡಿಯಾರ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

"ನಾನು ಒರಟಾಗಿ ಹೇಳ್ತಿದ್ದೀನಿ ಅಂದ್ಕೋಬೇಡಿ. ಕುಲುಮೆಯವರು ನಿಮ್ಮ ಅಕ್ಕನ ಗಂಡ. ನೀವು ಅವರನ್ನ ಬಿಟ್ಟುಕೊಡಲ್ಲ ಅಂತ ಎಲ್ಲರೂ ಮಾತಾಡ್ತಿದ್ದಾರೆ. ನಾಲ್ಕರೊಳಗೆ ಬೇರೆ ಕಾರಣ ತೋರಿಸದಿದ್ರೆ, ಅವರು ಏಪ್ರನ್ ಬಿಚ್ಚಿಟ್ಟು ಹೋಗ್ಬೇಕು. ನಾನು ದೂರನ್ನೂ ಕೊಡ್ಬೇಕಾಗುತ್ತೆ."

"ಬಿಟ್ಟುಕೊಡೋದು ಬಿಡೋದು ನನ್ನ ಕೈಲಿಲ್ಲ ಸಾರ್. ಪಟ್ಟಿ ಏನು ಹೇಳುತ್ತೋ ಅದು."

*

ಆ ಪಟ್ಟಿ ಸಾಮಾನ್ಯದ್ದಲ್ಲ. ನೂರು ಪರಮಾಣುಗಳಲ್ಲಿ ಎಪ್ಪತ್ತು ಕಬ್ಬಿಣ, ಮೂವತ್ತು ಪಲ್ಲಾಡಿಯಂ. ಸರಿಯಾಗಿ ಹದ ಮಾಡಿದರೆ ಈ ಮಿಶ್ರಲೋಹಕ್ಕೆ ತನ್ನ ಆಕಾರ ನೆನಪಿರುತ್ತದೆ. ಬಗ್ಗಿಸಿ ಬಿಸಿ ನೀರಿಗೆ ಹಾಕಿದರೆ ಮತ್ತೆ ನೆಟ್ಟಗಾಗುತ್ತದೆ. ಅಯಸ್ಕಾಂತ ಹತ್ತಿರ ತಂದರೆ ತಂತಿ ಬ್ಯಾಟರಿ ಒಂದೂ ಇಲ್ಲದೆ ಮಿಸುಕುತ್ತದೆ. ಇಂಥ ಗುಣವಿರುವ ಬೇರೆ ಕೆಲವು ಲೋಹಗಳು ಬಿಸ್ಕತ್ತಿನಂತೆ ಮುರಿಯುತ್ತವೆ. ಇದು ಬಾಗುತ್ತದೆ.

ತಲೆಯೊಳಗೆ ನೀರು ತುಂಬಿಕೊಳ್ಳುವ ಮಕ್ಕಳಿಗೆ ಕಿವಿಯ ಹಿಂದೆ ಚರ್ಮದಡಿ ಕೂರಿಸುವ ಕವಾಟಕ್ಕೆ ಅದೇ ರೆಪ್ಪೆ. ಹೊರಗಿನಿಂದ ಅಯಸ್ಕಾಂತ ಹಿಡಿದರೆ ರೆಪ್ಪೆ ತೆರೆಯಬೇಕು, ತೆಗೆದರೆ ಮುಚ್ಚಬೇಕು. ಮತ್ತೆ ಮತ್ತೆ ಕತ್ತರಿ ಹಾಕುವ ಕಷ್ಟ ಮಗುವಿಗೆ ತಪ್ಪುತ್ತದೆ. ಇಂದು ನಾಲ್ಕಕ್ಕೆ ಆಸ್ಪತ್ರೆಯವರ ಎದುರು ಮೇಜಿನ ಮೇಲೆ ಮೊದಲ ಪ್ರದರ್ಶನ.

ಆದರೆ ನಿನ್ನೆ, ಗುರುವಾರ, ಆರೂ ಪಟ್ಟಿ ಹೆಣದಂತೆ ಬಿದ್ದಿದ್ದವು. ಬಗ್ಗಿಸಿದರೆ ಬಗ್ಗಿದಂತೆಯೇ. ಬಿಸಿ ನೀರಿಗೆ ಹಾಕಿದರೂ ಅಲುಗಲಿಲ್ಲ. ಅಯಸ್ಕಾಂತಕ್ಕೆ ಅಂಟಿಕೊಂಡವು, ಅಷ್ಟೇ. ಅದನ್ನು ಮೊಳೆಯೂ ಮಾಡುತ್ತದೆ.

ಭಾವ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ಏಪ್ರನ್ ಇನ್ನೂ ಮೈಮೇಲಿತ್ತು.

"ಏನಂತೆ ಪುಟ್ಟಿ?"

ಐವತ್ತೆಂಟು ವರ್ಷದ ಹೆಂಗಸನ್ನು ಪುಟ್ಟಿ ಎಂದು ಕರೆಯುವ ಧೈರ್ಯ ಲೋಕದಲ್ಲಿ ಇಬ್ಬರಿಗೆ ಮಾತ್ರ ಇತ್ತು. ಒಬ್ಬಳು ಅಕ್ಕ, ಇನ್ನೊಬ್ಬರು ಇವರು.

"ಕಳ್ಳ ಅಲ್ಲ ಅಂತ ಆಯ್ತು. ಈಗ ಕೈಲಾಗದವನು ಅಂತಿದ್ದಾರೆ."

"ಬಡ್ತಿ ಕೊಟ್ರು ಅನ್ನು."

"ತಮಾಷೆ ಆಮೇಲೆ ಭಾವ. ಬೆಂಕಿಯಿಂದ ತೆಗೆದಾಗ ತಡ ಆಯ್ತಾ? ನಿಧಾನಕ್ಕೆ ಆರಿದ್ರೆ ಇದು ಒಡೆದುಹೋಗುತ್ತೆ ಅಂತ ನೀವೇ ನೂರು ಸಲ ಹೇಳಿದ್ದೀರಿ."

"ಒಡೆಯೋದಲ್ಲ, ಬೇರೆ ಆಗೋದು. ಕಬ್ಬಿಣ ಒಂದು ಕಡೆ, ಕಬ್ಬಿಣ-ಪಲ್ಲಾಡಿಯಂ ಜೋಡಿ ಇನ್ನೊಂದು ಕಡೆ. ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ. ಸಾವಿರ ಡಿಗ್ರಿಯಿಂದ ನೇರ ಮಂಜುಗಡ್ಡೆ ನೀರಿಗೆ ಬಿದ್ರೆ ಜಗಳ ಆಡೋಕೆ ಪುರುಸೊತ್ತೇ ಸಿಗಲ್ಲ, ಒಟ್ಟಿಗೆ ಇರ್ತಾವೆ."

"ಸೋಮವಾರ ಹಾಗೇ ಬಿತ್ತಾ?"

ಭಾವ ಏಪ್ರನ್ನಿನ ದಾರ ಬೆರಳಿಗೆ ಸುತ್ತಿಕೊಂಡರು. "ಕಾರ್ಡಿನ ಮೇಲೆ ನನ್ನ ಸಹಿ ಇದೆ. ಹೊಣೆ ನನ್ನದು."

"ಹೊಣೆ ಯಾರದು ಅಂತ ನಾನು ಕೇಳಲಿಲ್ಲ."

"ಗೊತ್ತು," ಅಂದರು ಭಾವ.

*

ಕೆಲಸದ ಕಾರ್ಡು ಚುಟುಕಾಗಿತ್ತು. ಸೋಮವಾರ: ಕುಲುಮೆ, ಮಂಜುನೀರು. ಮಂಗಳವಾರ: ಕನ್ನಡಿ ಹೊಳಪು. ಬುಧವಾರ: ಜೋಡಣೆ. ಗುರುವಾರ: ಪರೀಕ್ಷೆ.

ಒರೆಗಲ್ಲಮ್ಮ ಮೊದಲ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ಬರಿಗಣ್ಣಿಗೆ ಕನ್ನಡಿ. ಸೂಕ್ಷ್ಮದರ್ಶಕದಲ್ಲಿ ಬೇರೆಯದೇ ಲೋಕ: ಹೊಳೆಯುವ ಬಯಲಿನಲ್ಲಿ ಸೂಜಿ ಸೂಜಿಯಾಗಿ ಎದ್ದ ದಿಣ್ಣೆಗಳು, ಕೆಳಗಿನಿಂದ ಯಾರೋ ಬೆರಳು ಒತ್ತಿ ನೂಕಿದಂತೆ.

ಮ್ಯಾನೇಜರ್ ಇಣುಕಿದರು. "ಗೀರು ಬಿದ್ದಿದೆ."

"ಗೀರು ಒಳಕ್ಕೆ ಇಳಿದಿರುತ್ತೆ. ಇದು ಹೊರಕ್ಕೆ ಎದ್ದಿದೆ. ಒಳಗಿನ ಕಣಗಳು ಸಾಲು ಬದಲಾಯಿಸಿ ನಿಂತಾಗ ಮೈ ಹೀಗೆ ಏಳುತ್ತೆ."

"ಅದು ಈ ಲೋಹದ ಸ್ವಭಾವನೇ ಅಲ್ವಾ? ನಮ್ಮ ಎಂಜಿನಿಯರು ಹಾಗಂತಾನೆ."

"ನಿಜ. ಆದ್ರೆ ಆ ಗೆರೆಗಳು ಬಿಸಿ ಮುಟ್ಟಿದ್ರೆ ಅಳಿಸಿಹೋಗ್ತಾವೆ. ನೋಡೋಣ."

ಆಕೆ ಪಟ್ಟಿಯನ್ನು ಕುದಿಯುವ ನೀರಿಗೆ ಅದ್ದಿ, ಒರೆಸಿ, ಮತ್ತೆ ಇಟ್ಟಳು. ಸೂಜಿಗಳು ಇದ್ದಲ್ಲೇ ಇದ್ದವು. ಎರಡನೆಯ ಪಟ್ಟಿ, ಮೂರನೆಯದು. ಆರಕ್ಕೆ ಆರೂ ಹಾಗೆಯೇ. ಆಕೆ ಒಂದೊಂದನ್ನೂ ನೋಡಿ ಬರೆದುಕೊಳ್ಳುವವರೆಗೆ ಮ್ಯಾನೇಜರ್ ಮೂರು ಸಲ ಗೋಡೆ ನೋಡಿದರು.

"ಈಗ ನನ್ನ ಒಂದೇ ಪ್ರಶ್ನೆ ಸಾರ್. ಮಂಗಳವಾರ ಈ ಪಟ್ಟಿಗಳಿಗೆ ಹೊಳಪು ಕೊಟ್ರಲ್ಲ, ಕಾಗದದಂತೆ ಸಪಾಟು ಮಾಡಿ?"

"ಹೌದು. ಯಂತ್ರದ ಅಳತೆ ಇದೆ. ಒಂದು ದಿಣ್ಣೆ ಇರಲಿಲ್ಲ."

"ಹಾಗಾದ್ರೆ ಈ ದಿಣ್ಣೆಗಳು ಯಾವಾಗ ಎದ್ದವು?"

ಮ್ಯಾನೇಜರ್ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಜೀವಮಾನದಲ್ಲಿ ಮೊದಲ ಬಾರಿಗೆ ಗೋಡೆಯ ಗಡಿಯಾರ ಮರೆತಂತಿತ್ತು.

"ಹೊಳಪಿನ ಮೇಲೆ," ಅಂದರು ಮೆಲ್ಲಗೆ.

"ಕುಲುಮೆಯಲ್ಲಿ ಕೆಟ್ಟಿದ್ರೆ ಹೊಳಪು ಕೊಡುವಾಗಲೇ ಎಲ್ಲ ಸವೆದುಹೋಗಿರೋದು. ಮಂಗಳವಾರ ಆದಮೇಲೆ ಯಾರೋ ಇದನ್ನ ಭಯಂಕರ ಚಳಿಗೆ ನೂಕಿದ್ದಾರೆ. ಈ ಲೋಹ ಬೆಂಕಿ ತಡೆಯುತ್ತೆ, ಮಂಜುಗಡ್ಡೆ ತಡೆಯುತ್ತೆ. ಅದಕ್ಕಿಂತ ತುಂಬಾ ಕೆಳಗೆ ಇಳಿಸಿದ್ರೆ ಒಳಗಿನ ಸಾಲು ಕೆಟ್ಟು ಬೀಗ ಬೀಳುತ್ತೆ. ಆಮೇಲೆ ಬಿಸಿನೀರಲ್ಲ, ಬಿಸಿ ಕಣ್ಣೀರು ಹಾಕಿದ್ರೂ ಎಚ್ಚರ ಆಗಲ್ಲ. ಸೋಮವಾರದ ಕೈಕೆಲಸದಲ್ಲಿ ಒಂದು ಕೂದಲಿನಷ್ಟೂ ತಪ್ಪಿಲ್ಲ ಸಾರ್."

"ಮಂಗಳವಾರಕ್ಕೂ ಪರೀಕ್ಷೆಗೂ ನಡುವೆ ಮುಟ್ಟಿದ್ದು ಜೋಡಣೆಯವರು ಒಬ್ಬರೇ," ಅಂದರು ಮ್ಯಾನೇಜರ್.

*

ಜೋಡಣೆಯ ಕೋಣೆಗೆ ಹೋಗಲು ತಲೆಗೆ ಟೋಪಿ, ಕಾಲಿಗೆ ಬಟ್ಟೆಚೀಲ ಹಾಕಿಕೊಳ್ಳಬೇಕು. ಒಳಗೆ ಭೂತಗನ್ನಡಿ ದೀಪದ ಕೆಳಗೆ ಚಿಮಟ ಮೇಷ್ಟ್ರು ಬಗ್ಗಿ ಕೂತಿದ್ದರು. ಅಕ್ಕಿಕಾಳಿನ ಮೇಲೆ ಗುಂಡಿ ಹೊಲಿಯಬಲ್ಲರು ಎಂಬ ಕೀರ್ತಿಯವರು. ಕಾರ್ಖಾನೆಯ ಅರ್ಧ ಜನಕ್ಕೆ ಚಿಮಟ ಹಿಡಿಯಲು ಕಲಿಸಿದವರು. ಒರೆಗಲ್ಲಮ್ಮ ಮ್ಯಾನೇಜರನ್ನು ಬಾಗಿಲಲ್ಲೇ ಬಿಟ್ಟು ಒಬ್ಬಳೇ ಒಳಗೆ ಬಂದಳು.

"ವಿಚಾರಣೆಗೆ ಬಂದ್ರಾ?" ತಲೆಯೆತ್ತದೆ ಕೇಳಿದರು.

"ಕಲಿಯೋಕೆ ಬಂದೆ ಮೇಷ್ಟ್ರೇ. ಚಿನ್ನ ಕರಗಿಸೋದು ಬಿಟ್ಟು ನನಗೇನು ಗೊತ್ತು? ಕವಾಟದ ಇಷ್ಟು ಸಣ್ಣ ಬಳೆಯೊಳಗೆ ರೆಪ್ಪೆ ಹೇಗೆ ಕೂರುತ್ತೆ ಅಂತ ಒಂದು ಸಲ ತೋರಿಸಿ."

ಮೇಷ್ಟ್ರ ಮುಖ ಸಡಿಲವಾಯಿತು. "ಅದೇನು ಮಹಾ. ಹಳೇ ನಿಕ್ಕಲ್-ಟೈಟಾನಿಯಂ ರೆಪ್ಪೆ ಇದೆ, ಅದರಲ್ಲೇ ತೋರಿಸ್ತೀನಿ. ಇಪ್ಪತ್ತೆರಡು ವರ್ಷ ಇದನ್ನೇ ಕೂರಿಸಿದ್ದು. ನೋಡಿ, ರೆಪ್ಪೆ ಬಳೆಗಿಂತ ಅಗಲ. ಹಾಗೇ ತಳ್ಳಿದ್ರೆ ಹೋಗಲ್ಲ."

ಚಿಮಟದಿಂದ ರೆಪ್ಪೆಯನ್ನು ಎತ್ತಿದರು. ಎಡಗೈ ತಾನಾಗಿ ಪಕ್ಕಕ್ಕೆ ಹೋಗಿ ಉಕ್ಕಿನ ಫ್ಲಾಸ್ಕಿನ ಮುಚ್ಚಳ ತೆಗೆಯಿತು. ಬಿಳಿ ಹೊಗೆ ಅಂಚು ದಾಟಿ ಮೇಜಿನ ಮೇಲೆ ಹರಿಯಿತು. ದ್ರವ ನೈಟ್ರೋಜನ್, ಸೊನ್ನೆಗಿಂತ ನೂರ ತೊಂಬತ್ತಾರು ಡಿಗ್ರಿ ಕೆಳಗೆ. ರೆಪ್ಪೆ ಅದರಲ್ಲಿ ಮುಳುಗಿ, ಚಟಪಟ ಅಂದು, ಮೇಲೆ ಬಂತು. ಮೇಷ್ಟ್ರು ಅದನ್ನು ವೀಳ್ಯದೆಲೆಯಂತೆ ಮಡಿಸಿ ಬಳೆಯೊಳಗೆ ಜಾರಿಸಿದರು. ಎರಡು ಉಸಿರಿನಲ್ಲಿ ಅದು ಬಿಚ್ಚಿಕೊಂಡು ಗಟ್ಟಿಯಾಗಿ ಕೂತಿತು.

"ಚಳಿಗೆ ಮೇಣದ ಹಾಗೆ ಮೆತ್ತಗಾಗುತ್ತೆ. ಬೆಚ್ಚಗಾದ್ರೆ ತನ್ನ ಜಾಗ ತಾನೇ ಹಿಡಿಯುತ್ತೆ. ಇದರಷ್ಟು ಒಳ್ಳೇ ಲೋಹ ಇಲ್ಲ."

"ಬುಧವಾರದ ಆರನ್ನೂ ಹೀಗೇ ಕೂರಿಸಿದ್ರಾ?"

ಮೇಷ್ಟ್ರ ಕೈ ನಿಂತಿತು. ಫ್ಲಾಸ್ಕನ್ನು ನೋಡಿದರು, ಬಳೆಯನ್ನು ನೋಡಿದರು, ಕೊನೆಗೆ ಆಕೆಯನ್ನು.

"ಅಂದ್ರೆ... ಇದಕ್ಕೇನಾ ಸತ್ತಿದ್ದು?"

"ಇದಕ್ಕೇ."

ಮೇಷ್ಟ್ರಿಗೆ ಸಿಟ್ಟು ಬಂತು. ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು.

"ನಾನೇನು ಕತ್ತೆ ಕಾಯೋನಾ? ಹೊಸ ಲೋಹ ಅಂತ ನನಗೆ ಗೊತ್ತಿರಲಿಲ್ವಾ? ಕೇಳಿದೆ ಕಣ್ರೀ! ಅದ್ದೋಕೆ ಮುಂಚೆ ಕೇಳಿದೆ!"

"ಯಾರನ್ನ?"

"ಇನ್ಯಾರನ್ನ? ನಿಮ್ಮ ಭಾವನ್ನೇ."

"ಈ ಪಟ್ಟಿಗಳ ಬಗ್ಗೆ ತಮ್ಮನ್ನ ಯಾರೂ ಏನೂ ಕೇಳಲಿಲ್ಲ ಅಂತ ಅವರು ಮ್ಯಾನೇಜರಿಗೆ ಬರೆದುಕೊಟ್ಟಿದ್ದಾರೆ."

"ಬರೀಲಿ ಬಿಡಿ!" ಮೊಬೈಲು ತೆಗೆದು ಆಕೆಯ ಮುಖಕ್ಕೆ ಹಿಡಿದರು. ಬುಧವಾರ ಸಂಜೆ ಆರೂ ಇಪ್ಪತ್ತು. ಭಾವನ ನಂಬರು. ಒಂದು ನಿಮಿಷ ಐವತ್ತೆರಡು ಸೆಕೆಂಡು. "ಎತ್ತಿದ್ದು ಅವರ ಮನೆಯವರು. ಸ್ನಾನಕ್ಕೆ ಹೋಗಿದ್ದಾರೆ ಅಂದ್ರು. ನೈಟ್ರೋಜನ್‌ಗೆ ಅದ್ದಬಹುದಾ ಅಂತ ಕೇಳಿ ಹೇಳಿ ತಾಯಿ ಅಂದೆ. ಹೋಗಿ ಬಂದು, ಅದ್ದಬಹುದಂತೆ, ಚೆನ್ನಾಗಿ ಅದ್ದಿ ಅಂದ್ರು."

ಒರೆಗಲ್ಲಮ್ಮ ಮೊಬೈಲನ್ನು ಮೆಲ್ಲಗೆ ಅವರ ಕೈಗೆ ಮರಳಿಸಿದಳು. ಆ ಮನೆಯಲ್ಲಿ ಫೋನ್ ಎತ್ತುವ ಹೆಂಗಸು ಒಬ್ಬಳೇ. ಊಟದ ತಟ್ಟೆಯ ಮುಂದೆ ಮೂವತ್ತು ವರ್ಷದಿಂದ ಗಂಡನ ಲೋಹದ ಪುರಾಣ ಕೇಳಿದವಳು. ಈ ಪಟ್ಟಿಗೆ ಏನು ಆಗಿಬರುವುದಿಲ್ಲ ಎಂಬುದು ಅವಳಿಗೆ ಉಪ್ಪು ಹುಳಿಯಷ್ಟೇ ಗೊತ್ತಿರಬೇಕು.

"ಮೇಷ್ಟ್ರೇ, ನಾಲ್ಕು ಗಂಟೆವರೆಗೆ ಈ ಫೋನಿನ ಮಾತು ನಮ್ಮಿಬ್ಬರಲ್ಲೇ ಇರಲಿ. ತಪ್ಪು ನಿಮ್ಮ ತಲೆಗೆ ಕಟ್ಟಲ್ಲ, ನನ್ನ ಮಾತು."

"ಅಕ್ಕನ ಮೇಲೆ ಬಂತು ಅಂತ ಮುಚ್ಚಿಹಾಕ್ತೀರಾ?"

"ಮುಚ್ಚಿಹಾಕೋಳಾಗಿದ್ರೆ ಆ ನಂಬರನ್ನ ಈಗ ಚೀಟಿಯಲ್ಲಿ ಬರೆದುಕೊಳ್ತಿರಲಿಲ್ಲ," ಅಂದಳು ಒರೆಗಲ್ಲಮ್ಮ. ದಿನ, ಗಂಟೆ, ಸೆಕೆಂಡು ಸಮೇತ ಬರೆದುಕೊಂಡು ಎದ್ದಳು.

*

"ಸತ್ತಿಲ್ಲ. ಮರೆತಿದೆ ಅಷ್ಟೇ," ಅಂದರು ಭಾವ, ನೈಟ್ರೋಜನ್ನಿನ ವಿಷಯ ಕೇಳಿ. ಕುಲುಮೆಯ ಶೆಡ್ಡಿಗೆ ಅರ್ಧ ಓಡುತ್ತಲೇ ಹೋದರು. "ಬಿಸಿನೀರಿಗೆ ಎಚ್ಚರ ಆಗಲ್ಲ, ನಿಜ. ಸಾವಿರ ಡಿಗ್ರಿಗೆ ಆಗುತ್ತೆ. ಎಲ್ಲಾ ಮರೆತು ಒಂದನೇ ಕ್ಲಾಸಿನಿಂದ ಕಲಿಯುತ್ತೆ. ಗಡಿಯಾರ ಎಷ್ಟು ಹೊಡೀತು ಸಾರ್?"

"ಒಂದೂ ಐವತ್ತೈದು," ಅಂದರು ಮ್ಯಾನೇಜರ್. ತಮ್ಮ ಅಡ್ಡಹೆಸರು ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿದರೂ ಬೇಸರವಾಗಲಿಲ್ಲವೋ.

ಮೊದಲು ಒಂದೇ ಪಟ್ಟಿ. ಅದನ್ನು ಸ್ಫಟಿಕದ ಕೊಳವೆಯೊಳಗೆ ಇಟ್ಟು, ಗಾಳಿ ಹೀರಿ ತೆಗೆದು, ಲೋಹಕ್ಕೆ ಏನೂ ಮಾಡದ ಆರ್ಗಾನ್ ತುಂಬಿ, ಭಾವ ಬಾಯಿ ಬೆಸೆದರು. ಕೊಳವೆ ಕುಲುಮೆಗೆ ಹೋಯಿತು. ಮಂಜುಗಡ್ಡೆ ತೇಲುವ ಬಕೆಟ್ಟನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡರು. ನಲವತ್ತು ನಿಮಿಷ ಯಾರೂ ಕೂರಲಿಲ್ಲ.

"ಈಗ," ಅಂದರು ಭಾವ, ಯಾರಿಗೂ ಅಲ್ಲ.

ಬಾಗಿಲು ತೆರೆಯಿತು. ಇಕ್ಕಳದಲ್ಲಿ ಕಿತ್ತಳೆ ಬಣ್ಣದ ಕೊಳವೆ ಗಾಳಿಯಲ್ಲಿ ಒಂದು ಗೆರೆ ಎಳೆದು ಬಕೆಟ್ಟಿಗೆ ಇಳಿಯಿತು. ಇನ್ನೊಂದು ಕೈಯ ಸುತ್ತಿಗೆ ನೀರೊಳಗೇ ಅದನ್ನು ಒಡೆಯಿತು. ಬುಸ್ ಎಂದ ಹಬೆಯಲ್ಲಿ ಮ್ಯಾನೇಜರ ಕನ್ನಡಕ ಬೆಳ್ಳಗಾಯಿತು.

ಒರೆಗಲ್ಲಮ್ಮ ಪಟ್ಟಿಯನ್ನು ಹೆಕ್ಕಿ, ಒರೆಸಿ, ಬೆರಳಿನ ಮೇಲಿಟ್ಟು ಬಿಲ್ಲಿನಂತೆ ಬಗ್ಗಿಸಿದಳು. ಬಿಸಿನೀರಿನ ಲೋಟಕ್ಕೆ ಬಿಟ್ಟಳು.

ಒಂದು ಉಸಿರು ಏನೂ ಆಗಲಿಲ್ಲ. ಆಮೇಲೆ ಪಟ್ಟಿ ನಿದ್ದೆಯಿಂದ ಎದ್ದು ಮೈಮುರಿಯುವವರಂತೆ ನಿಧಾನವಾಗಿ ಬಿಚ್ಚಿಕೊಂಡು, ನೆಟ್ಟಗಾಗಿ, ಲೋಟದ ತಳದಲ್ಲಿ ಮಲಗಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಾಗಿಲ ಬಳಿ ಟೋಪಿ ಹಾಕಿಕೊಂಡೇ ಬಂದು ನಿಂತಿದ್ದ ಚಿಮಟ ಮೇಷ್ಟ್ರು ಮಾತ್ರ ಮೂಗು ಒರೆಸಿಕೊಂಡರು. "ಇನ್ನು ಐದೂ ಒಟ್ಟಿಗೆ ಹಾಕಿ," ಅಂದರು. "ಚಳಿ ಮುಟ್ಟಿಸದೆ ಕೂರಿಸ್ತೀನಿ. ಕೈ ಬಿದ್ದುಹೋದ್ರೂ ಸರಿ."

"ಏಪ್ರನ್ ಬಿಚ್ಚೋದು ಬೇಡ ಅಂತ ಆಯ್ತಲ್ಲ ಸಾರ್?" ಭಾವ ಕೇಳಿದರು.

"ತೋಳು ಸುಟ್ಟುಕೊಳ್ಳಬೇಡಿ ಅಂತ ಮಾತ್ರ ಹೇಳ್ತೀನಿ," ಅಂದರು ಮ್ಯಾನೇಜರ್. ಅವರ ಬಾಯಲ್ಲಿ ಅದು ಕ್ಷಮೆ.

*

ಒರೆಗಲ್ಲಮ್ಮ ಶೆಡ್ಡಿನ ಹೊರಗೆ ಬಿಸಿಲಿಗೆ ಬಂದು ಫೋನ್ ಮಾಡಿದಳು.

"ಅಕ್ಕ, ಪಟ್ಟಿ ಬದುಕಿತು. ಭಾವ ಈಗ ಉಳಿದ ಐದನ್ನೂ ಕುಲುಮೆಗೆ ಹಾಕ್ತಿದ್ದಾರೆ."

ಆ ಕಡೆ ಏನೋ ಪಾತ್ರೆ ಕೆಳಗಿಟ್ಟ ಸದ್ದು.

"ಅವರೇನಾ? ಅವರ ಕೈಯಾರೆ?"

"ಇನ್ಯಾರು ಹಾಕ್ತಾರೆ? ನಾನೇ ನೋಡಿದೆ."

"ಉಸ್ಸಪ್ಪಾ," ಅಂದಳು ಅಕ್ಕ. ಉಸಿರು ಫೋನಿನಲ್ಲಿ ಗಾಳಿಯಂತೆ ಕೇಳಿಸಿತು. "ಹಾಗಾದ್ರೆ ಸರಿ. ಅವರು ಮಾಡಿದ್ದಾದ್ರೆ ಮಗು ತಲೆಗೆ ಹೋದ್ರೂ ನಾನು ಬೇಡ ಅನ್ನಲ್ಲ."

"ಅಕ್ಕ. ಬುಧವಾರ ಮೇಷ್ಟ್ರಿಗೆ ಅದ್ದಿ ಅಂದೋಳು ನೀನು."

"ನಾನೇ."

"ಸಾಯುತ್ತೆ ಅಂತ ಗೊತ್ತಿದ್ದೂ?"

"ಸಾಯಲಿ ಅಂತಲೇ ಹೇಳಿದ್ದು ಪುಟ್ಟಿ. ಬೈಯೋದಾದ್ರೆ ಪೂರ್ತಿ ಕೇಳಿ ಬೈಯಿ." ಅಕ್ಕನ ದನಿ ಇಳಿಯಿತು. "ಸೋಮವಾರ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ನಿನ್ನ ಭಾವ ನನ್ನ ಜೊತೆ ಕಣ್ಣಿನ ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ರು. ಕಣ್ಣಿನ ವಿಷಯ ಗೊತ್ತಾದ್ರೆ ಕುಲುಮೆ ಕಿತ್ಕೋತಾರೆ ಅಂತ ರಜೆ ಹೇಳದೆ ಬಂದಿದ್ರು. ಏನೂ ಇಲ್ಲ, ಕನ್ನಡಕ ಬದಲಾಯಿಸಿ ಸಾಕು ಅಂದ್ರು ಡಾಕ್ಟ್ರು. ಖುಷಿಯಾಗಿ ಮಂಗಳವಾರ ಹೋಗಿ ಶೆಡ್ಡಿನ ಬೀಗ ತೆಗೆದ್ರೆ, ಮೇಜಿನ ಮೇಲೆ ಆರು ಪಟ್ಟಿ ರೆಡಿ."

ಒರೆಗಲ್ಲಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಮತ್ತೆ ಸಹಿ?"

"ಹೆದರಿ ಹಾಕಿದ್ರು. ರಾತ್ರಿ ಊಟ ಬಿಟ್ಟು ನನ್ನ ಹತ್ರ ಹೇಳಿದ್ರು. ಯಾರು ಮಾಡಿದ್ದು ಅಂತ ಗೊತ್ತಿಲ್ಲದ ಲೋಹ ನಾಳೆ ಒಂದು ಮಗು ತಲೆಯೊಳಗೆ ಹೋಗೋದು ನನಗೆ ತಡೆಯೋಕೆ ಆಗಲಿಲ್ಲ ಕಣೇ. ಮೇಷ್ಟ್ರ ಫೋನ್ ಬಂತು, ಬಾಯಿ ತಾನಾಗಿ ಹೇಳಿತು. ಅವರ ತಲೆಗೆ ಬರುತ್ತೆ ಅಂತ ಹೊಳೀಲಿಲ್ಲ."

"ಬೀಗ?"

"ಹಾಕಿದ್ದು ಹಾಕಿದ ಹಾಗೇ ಇತ್ತಂತೆ. ಕೀಲಿಕೈ ಸೋಮವಾರ ಪೂರ್ತಿ ನನ್ನ ಕೈಚೀಲದಲ್ಲಿತ್ತು."

ಕಬ್ಬಿಣ-ಪಲ್ಲಾಡಿಯಂ ಹದ ಈ ಕಾರ್ಖಾನೆಯಲ್ಲಿ ಭಾವ ಒಬ್ಬರಿಗೇ ಗೊತ್ತು, ಅವರೊಂದಿಗೇ ಅದು ಮುಗಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ಹಾಗಲ್ಲ. ಇನ್ನೊಂದು ಜೋಡಿ ಕೈಗೆ ಅದು ಗೊತ್ತಿದೆ, ಅಷ್ಟೇ ಚೆನ್ನಾಗಿ ಗೊತ್ತಿದೆ. ಹೆದರಬೇಕಾದ ಜಾಗದಲ್ಲಿ ಒರೆಗಲ್ಲಮ್ಮನಿಗೆ ಒಂದು ವಿಚಿತ್ರ ಸಂತೋಷವೂ ಆಯಿತು. ಅಂಥ ಕೈ ಯಾಕೆ ಅಡಗಿಕೊಳ್ಳಬೇಕು?

"ಇಲ್ಲಿದ್ದೀರಾ!" ಮ್ಯಾನೇಜರ್ ಕಾಗದ ಹಿಡಿದು ನಗುತ್ತಾ ಬಂದರು. "ನಿಮ್ಮ ಮಾತನ್ನೇ ವರದಿಯಲ್ಲಿ ಟೈಪ್ ಮಾಡಿಸಿದ್ದೀನಿ. ಸೋಮವಾರದ ಕೆಲಸ ಕುಲುಮೆಯವರದೇ, ಅದರಲ್ಲಿ ಕೂದಲಿನಷ್ಟೂ ತಪ್ಪಿಲ್ಲ ಅಂತ. ಒಂದು ಸಹಿ ಹಾಕಿಬಿಡಿ, ಆಸ್ಪತ್ರೆಯವರಿಗೆ ಕೊಡ್ತೀನಿ."

ಆಕೆ ಪೆನ್ನು ತೆಗೆದುಕೊಂಡಳು. ಮುಚ್ಚಳ ತೆಗೆಯಲಿಲ್ಲ.

"ಸಾರ್, ಈ ಶೆಡ್ಡಿನ ಬೀಗಕ್ಕೆ ಎಷ್ಟು ಕೀಲಿಕೈ?"

"ಒಂದೇ," ಅಂದರು ಮ್ಯಾನೇಜರ್. "ಯಾಕೆ?"